ಒಂದು ಅಂಕದಾಚೆಯ ಕಾರಂತರು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ ಶಿವರಾಮ ಕಾರಂತರು ಗೊತ್ತು. ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ 1977ರ ಜ್ಞಾನಪೀಠ. ಕುವೆಂಪು, ಬೇಂದ್ರೆಯವರ ನಂತರ ಕನ್ನಡಕ್ಕೆ ಬಂದ ಮೂರನೆಯದು. ಬಿರುದು ಕಡಲತೀರದ ಭಾರ್ಗವ. ಇಷ್ಟು ಬಾಯಿಪಾಠವಾಗಿದ್ದರೆ ಒಂದು ಅಂಕ ಖಾತ್ರಿ. ನನ್ನ ನೋಟ್ಸಿನಲ್ಲೂ ಅವರಿಗೆ ಸಿಕ್ಕಿರುವ ಜಾಗ ಎರಡೇ ಸಾಲು. ಆ ಎರಡು ಸಾಲಿನಾಚೆ ಇರುವ ಮನುಷ್ಯನನ್ನು ನಾನು ಭೇಟಿಯಾದದ್ದು ಬೇರೆಯೇ ದಾರಿಯಲ್ಲಿ. ಆ ದಾರಿಯನ್ನು ನಿಮ್ಮ ಜೊತೆ ಹಂಚಿಕೊಳ್ಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಚಿತ್ರಕಲೆ ಓದುತ್ತಿರುವ ಗೆಳೆಯನೊಬ್ಬ ಕಳೆದ ವರ್ಷ ನನಗೆ ಎರಡು ಇಂಗ್ಲಿಷ್ ಪುಸ್ತಕ ಓದಲು ಕೊಟ್ಟ. ಒಂದು ಅರ್ನಾಲ್ಡ್ ಶೋನ್‌ಬರ್ಗ್ ಎಂಬ ಸಂಗೀತ ಸಂಯೋಜಕನ ಕುರಿತದ್ದು. ಇನ್ನೊಂದು ಚಿತ್ರಕಲೆಯಲ್ಲಿ ಬಣ್ಣದ ಕುರಿತದ್ದು. ಭಟ್ಕಳದಿಂದ ಕುಮಟಾಕ್ಕೆ ಕೋಚಿಂಗ್‌ಗೆ ಹೋಗುವ ಬಸ್ಸಿನಲ್ಲಿ ಅವೆರಡನ್ನೂ ನಿಧಾನವಾಗಿ ಓದಿದೆ. ಶೋನ್‌ಬರ್ಗ್ ಮಾಡಿದ ಕೆಲಸವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಎಲ್ಲಿ ಸುತ್ತಿದರೂ ಕೊನೆಗೆ ಷಡ್ಜವೆಂಬ ಮನೆಗೆ ಮರಳಲೇಬೇಕು ಎಂಬಂಥ ನಿಯಮವನ್ನು ಯುರೋಪಿನ ಸಂಗೀತದಲ್ಲಿ ಆತ ಕೈಬಿಟ್ಟ. 1911ರ ಜನವರಿಯಲ್ಲಿ ಮ್ಯೂನಿಕ್ ನಗರದಲ್ಲಿ ಅವನ ಕಛೇರಿ ನಡೆಯಿತು. ಕೇಳುಗರ ನಡುವೆ ವಾಸಿಲಿ ಕಾಂಡಿನ್‌ಸ್ಕಿ ಎಂಬ ರಷ್ಯನ್ ಚಿತ್ರಕಾರನಿದ್ದ. ಕೇಳಿ ಬಂದವನು ಆ ಕಛೇರಿಯನ್ನೇ ಚಿತ್ರ ಮಾಡಿದ. ಅದರಲ್ಲಿ ಪಿಯಾನೋ ಒಂದು ಕಪ್ಪು ಆಕಾರ. ಮಿಕ್ಕ ಕಡೆಯೆಲ್ಲ ಹರಡಿದ ಹಳದಿ. ಅದೇ ವರ್ಷದ ಕೊನೆಗೆ ಬಣ್ಣಗಳು ಮನಸ್ಸಿನ ಮೇಲೆ ಮಾಡುವ ಕೆಲಸದ ಬಗ್ಗೆ ಅವನ ಪುಸ್ತಕವೂ ಬಂತು.

ಓದಿದ ಮೇಲೆ ಒಂದು ಪ್ರಶ್ನೆ ಕಾಡತೊಡಗಿತು. ಹಾಡನ್ನೂ ಬಣ್ಣವನ್ನೂ ಹೀಗೆ ಒಟ್ಟಿಗೆ ಇಟ್ಟು ಯೋಚಿಸಿದವರು ನಮ್ಮ ಕರಾವಳಿಯಲ್ಲಿ ಯಾರಾದರೂ ಇದ್ದರೇ? ರಾತ್ರಿಯಿಡೀ ಹಾಡು, ಬಣ್ಣ, ಕುಣಿತ ಒಂದೇ ರಂಗದಲ್ಲಿ ಸೇರುವ ಆಟ ನಮ್ಮ ಊರಿನಲ್ಲೇ ಇರುವಾಗ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳದೆ ಇರಲು ಸಾಧ್ಯವೇ? ಉತ್ತರ ಗ್ರಂಥಾಲಯದಲ್ಲಿ ಸಿಕ್ಕಿತು. 1957ರಲ್ಲಿ ಬಂದ ‘ಯಕ್ಷಗಾನ ಬಯಲಾಟ’. ಬರೆದವರು ನನ್ನ ನೋಟ್ಸಿನ ಅದೇ ಎರಡು ಸಾಲಿನ ಕಾರಂತರು. 1959ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ, ಈ ಪುಸ್ತಕಕ್ಕೆ.

ಭಟ್ಕಳದಿಂದ ದಕ್ಷಿಣಕ್ಕೆ ಹೊರಟು ಕುಂದಾಪುರ ದಾಟಿದರೆ ಕೋಟ ಸಿಗುತ್ತದೆ. ಒಂದೇ ಹೆದ್ದಾರಿ, ಒಂದೇ ಕಡಲು. ಗದ್ದೆ ಕೊಯ್ಲಾದ ಮೇಲೆ ಮೇಳಗಳು ತಿರುಗಾಟಕ್ಕೆ ಹೊರಡುವ ಆ ಸೀಮೆಯಲ್ಲಿ ಹುಟ್ಟಿ ಬೆಳೆದ ಹುಡುಗನಿಗೆ ಚಂಡೆಯ ಸದ್ದು ಹೊಸದಾಗಿರಲಿಲ್ಲ. ಓದಿನಲ್ಲಿ ಹಿಂದಿರಲಿಲ್ಲ. ಮಂಗಳೂರಿನ ಸರ್ಕಾರಿ ಕಾಲೇಜು ಸೇರಿದರು. ಅಷ್ಟರಲ್ಲಿ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ಬಂತು. ಕಾರಂತರು ಕಾಲೇಜು ಬಿಟ್ಟರು, ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಮುಂದೆ ಹಲವು ವಿಶ್ವವಿದ್ಯಾಲಯಗಳು ಕರೆದು ಗೌರವ ಡಾಕ್ಟರೇಟ್ ಕೊಟ್ಟವು. ಆದರೆ ಪರೀಕ್ಷೆ ಬರೆದು ಪಡೆದ ಪದವಿ ಅವರ ಬಳಿ ಒಂದೂ ಇರಲಿಲ್ಲ.

ಇದನ್ನು ಓದಿ ಯಾರೂ ನಾಳೆಯೇ ಕಾಲೇಜು ಬಿಡಬೇಡಿ. ನಾನೂ ಬಿಡಲಿಲ್ಲ. ನಾನು ಹೇಳಹೊರಟಿರುವುದು ಕಾಲೇಜು ಬಿಟ್ಟ ನಂತರದ ಹತ್ತು ವರ್ಷಗಳ ಬಗ್ಗೆ. ನಮ್ಮಂತೆ ಇಪ್ಪತ್ತರಿಂದ ಮೂವತ್ತರ ನಡುವೆ ಸಿಕ್ಕಿಕೊಂಡವರಿಗೆ ಅವರ ಬದುಕಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಭಾಗ ಅದು. ಆ ಹತ್ತು ವರ್ಷಗಳಲ್ಲಿ ಅವರು ಖಾದಿ ಪ್ರಚಾರಕ್ಕೆ ಊರೂರು ತಿರುಗಿದರು. ‘ವಸಂತ’ ಎಂಬ ಪತ್ರಿಕೆ ನಡೆಸಿದರು. ನಾಟಕ ಬರೆದು ಆಡಿಸಿದರು. 1930ರ ಆಸುಪಾಸಿನಲ್ಲಿ, ಚಿತ್ರಗಳಿಗೆ ಇನ್ನೂ ಮಾತು ಬಾರದ ಕಾಲದಲ್ಲಿ, ಸಿನಿಮಾವನ್ನೂ ತೆಗೆದರು. ಇದ್ಯಾವುದೂ ತಿಂಗಳ ಕೊನೆಗೆ ಸಂಬಳ ತರುವ ಕೆಲಸವಲ್ಲ. ನಮ್ಮ ಮನೆಗಳಲ್ಲಿ ಕೇಳುವ ಹಾಗೆ ಅವರನ್ನೂ ನೆಂಟರು ಈಗ ಏನು ಮಾಡುತ್ತಿದ್ದೀ ಎಂದು ಕೇಳಿದ್ದರೆ ಒಂದೇ ಮಾತಿನ ಉತ್ತರ ಕೊಡುವುದು ಅವರಿಗೆ ಕಷ್ಟವಾಗುತ್ತಿತ್ತು.

ಆದರೆ ಆ ಹತ್ತು ವರ್ಷಗಳ ಕೊನೆಗೆ, 1930ರಲ್ಲಿ, ಅವರ ‘ಭಾರತೀಯ ಚಿತ್ರಕಲೆ’ ಎಂಬ ಪುಸ್ತಕ ಬಂತು. ಆಗ ವಯಸ್ಸು ಇಪ್ಪತ್ತೆಂಟು. ‘ಚೋಮನ ದುಡಿ’ ಬಂದದ್ದು ಅದಾದ ಮೂರು ವರ್ಷಕ್ಕೆ. ಅಂದರೆ ನಾವು ಕಾದಂಬರಿಕಾರ ಎಂದು ಬರೆದಿಟ್ಟುಕೊಳ್ಳುವ ಕಾರಂತರಿಗಿಂತ ಮೊದಲು ಚಿತ್ರ ನೋಡುವ ಕಾರಂತರು ಇದ್ದರು. ಸುತ್ತಮುತ್ತ ಕಲಾ ಗ್ಯಾಲರಿ ಎಂಬುದೇ ಇಲ್ಲದ ಕಾಲ. ಒಂದು ಚಿತ್ರದ ಮುಂದೆ ನಿಂತು ಈ ಬಣ್ಣ ಇಲ್ಲಿ ಯಾಕಿದೆ ಎಂದು ಕನ್ನಡದಲ್ಲಿ ಕೇಳುವವರೂ ಕಡಿಮೆ. ಅಂಥ ಹೊತ್ತಿನಲ್ಲಿ ಒಬ್ಬ ತರುಣ ಇಡೀ ದೇಶದ ಚಿತ್ರಕಲೆಯ ಬಗ್ಗೆ ಕನ್ನಡ ಓದುಗನಿಗೆ ಹೇಳಲು ಕೂತಿದ್ದ. ಆ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ದೇಶ ಸುತ್ತಿದರು, ವಿದೇಶಗಳನ್ನು ನೋಡಿಬಂದರು, ಶಿಲ್ಪದ ಬಗ್ಗೆ ಬರೆದರು. 1978ರಲ್ಲಿ, ಎಪ್ಪತ್ತಾರನೆಯ ವಯಸ್ಸಿನಲ್ಲಿ, ‘ಕಲಾಪ್ರಪಂಚ’ ಎಂಬ ದೊಡ್ಡ ಗ್ರಂಥವನ್ನೇ ಕೊಟ್ಟರು. ಇಂಗ್ಲಿಷ್ ಬಾರದ ಓದುಗನಿಗೂ ಜಗತ್ತಿನ ಕಲೆ ತಲುಪಬೇಕು ಎಂಬ ಹಟ ಅದರಲ್ಲಿ ಕಾಣುತ್ತದೆ. ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು 1936ರಲ್ಲೇ ತಂದದ್ದೂ, ಆಮೇಲೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬರೆದದ್ದೂ ಇದೇ ಹಟದಿಂದ.

ಈಗ ಯಕ್ಷಗಾನಕ್ಕೆ ಬರೋಣ. ಹೊನ್ನಾವರ, ಕುಮಟಾ ಕಡೆಯವರಿಗೆ ನಾನು ಅದನ್ನು ಪರಿಚಯಿಸಬೇಕಾಗಿಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ನೆಲ ಇದು. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕುಣಿತ ನೋಡಲು ಜನ ಮೈಲುಗಟ್ಟಲೆ ನಡೆದು ಬರುತ್ತಿದ್ದರು ಎಂಬುದನ್ನು ನಮ್ಮಜ್ಜನಿಂದ ಎಷ್ಟೋ ಸಲ ಕೇಳಿದ್ದೇನೆ. ಚಿಕ್ಕಂದಿನಿಂದ ಆಟ ನೋಡಿ ಬೆಳೆದ ನನಗೆ ಕಾರಂತರ ಪುಸ್ತಕ ಓದಿದಾಗ ಆದ ಆಶ್ಚರ್ಯ ಒಂದೇ. ನಾನು ಕಣ್ಣಿಂದ ನೋಡಿದ್ದ ಪ್ರತಿಯೊಂದಕ್ಕೂ ಅವರ ಬಳಿ ಒಂದು ಯಾಕೆ ಇತ್ತು.

ಬಣ್ಣವನ್ನೇ ತೆಗೆದುಕೊಳ್ಳಿ. ನಮ್ಮ ಬಡಗಿನ ವೇಷದಲ್ಲಿ ಮೊದಲು ಕಾಣುವುದು ಕೆಂಪು, ಕಪ್ಪು, ಹಳದಿ. ಕಸೆ ಸೀರೆಯ ಚೌಕುಳಿಯಲ್ಲಿ ಅವೇ. ಒಳಗೆ ಹುಲ್ಲಿಟ್ಟು, ಹೊರಗೆ ಬಟ್ಟೆ ಸುತ್ತಿ, ಜರಿ ಎಳೆದು ಕಟ್ಟುವ ಮುಂಡಾಸಿನಲ್ಲೂ ಅವೇ. ಮುಖಕ್ಕೆ ಹಿಂದೆ ಅರದಾಳದ ಹಳದಿ, ಇಂಗಳಿಕದ ಕೆಂಪು, ಕಾಡಿಗೆಯ ಕಪ್ಪು ಬಳಸುತ್ತಿದ್ದರು. ಎದೆಕಟ್ಟು, ಭುಜಕೀರ್ತಿಗಳು ಹಗುರ ಮರದವು. ಅವುಗಳ ಮೇಲೆ ಹೊಳೆಯುವ ಬೇಗಡೆ. ಇಷ್ಟೇ ಬಣ್ಣಗಳು ಯಾಕೆ? ಬಯಲಾಟ ಹುಟ್ಟಿದಾಗ ಟ್ಯೂಬ್‌ಲೈಟ್ ಇರಲಿಲ್ಲ. ಇದ್ದದ್ದು ಎಣ್ಣೆಯ ದೊಂದಿ, ಪಂಜು. ಆ ಅಲುಗಾಡುವ ಹಳದಿ ಬೆಳಕಿನಲ್ಲಿ ನೀಲಿ, ಹಸಿರು ಮಸುಕಾಗುತ್ತವೆ. ಕೆಂಪು ಉರಿಯುತ್ತದೆ. ಕಪ್ಪು ಅದಕ್ಕೆ ಅಂಚು ಕೊಡುತ್ತದೆ. ಬೇಗಡೆಯ ಒಂದೊಂದು ತುಣುಕೂ ಬೆಳಕನ್ನು ಹಿಡಿದು ಹಿಂದೆ ಕೂತವನ ಕಣ್ಣಿಗೆ ಎಸೆಯುತ್ತದೆ. ರಾಕ್ಷಸನ ಪ್ರವೇಶಕ್ಕೆ ಪಂಜಿನ ಮೇಲೆ ರಾಳದ ಪುಡಿ ಎಸೆದಾಗ ಭಗ್ಗನೆ ಏಳುವ ಬೆಂಕಿಯೂ ಇದೇ ಲೆಕ್ಕಕ್ಕೆ ಸೇರಿದ್ದು. ಗದ್ದೆಯ ಕೊನೆಯಲ್ಲಿ ಕಂಬಳಿ ಹೊದ್ದು ಕೂತ ಅಜ್ಜಿಗೂ ಕರ್ಣ ಯಾರು, ಅಭಿಮನ್ಯು ಯಾರು ಎಂದು ತಿಳಿಯಬೇಕು. ಅಭಿಮನ್ಯುವಿನಂಥ ಎಳೆಯ ವೀರನಿಗೆ ಕೇದಗೆ ಮುಂದಲೆ, ಹಿರಿಯ ವೀರನಿಗೆ ದೊಡ್ಡ ಮುಂಡಾಸು ಎಂಬ ವಿಂಗಡಣೆ ಅದಕ್ಕೇ ಉಪಯೋಗ.

ಗ್ಯಾಸ್‌ಲೈಟ್ ಬಂತು, ಕರೆಂಟ್ ಬಂತು. ಕಂಪನಿ ನಾಟಕಗಳ ಪ್ರಭಾವದಿಂದ ಮಖಮಲ್ಲು, ಮಿರುಗುವ ಹೊಸ ಬಟ್ಟೆಗಳೂ ರಂಗಕ್ಕೆ ಬಂದವು. ಕಾರಂತರಿಗೆ ಇದು ಹಿಡಿಸಲಿಲ್ಲ. ಹಳೆಯದೆಲ್ಲ ಚಿನ್ನ ಎಂದು ನಂಬಿದವರಾಗಿದ್ದರೆ ಅವರ ಮಾತನ್ನು ಪಕ್ಕಕ್ಕಿಡಬಹುದಿತ್ತು. ಆದರೆ ಅದೇ ಮನುಷ್ಯ ಮುಂದೆ ಯಕ್ಷಗಾನಕ್ಕೆ ಪಿಟೀಲು, ಸ್ಯಾಕ್ಸಫೋನ್ ತಂದವರು! ಹಾಗಾದರೆ ಅವರಿಗೆ ಬೇಡವಾದದ್ದು ಹೊಸತನವಲ್ಲ. ಯಾಕೆ ಎಂದು ಕೇಳದೆ ಒಳಗೆ ಬಂದು ಕೂತ ಹೊಸತು ಅವರಿಗೆ ಬೇಡವಾಗಿತ್ತು. ಅವರ ಬದುಕನ್ನು ಅರ್ಥ ಮಾಡಿಕೊಳ್ಳಲು ನನಗೆ ಸಿಕ್ಕ ಕೀಲಿಕೈ ಇದು.

ಹಾಡಿನ ವಿಷಯದಲ್ಲೂ ಹಾಗೆಯೇ. ಪ್ರಸಂಗದ ಪ್ರತಿ ಪದ್ಯದ ತಲೆಯ ಮೇಲೆ ರಾಗ, ತಾಳದ ಹೆಸರು ಇರುತ್ತದೆ. ನಾವು ಅದನ್ನು ಓದದೆ ಮುಂದೆ ಹೋಗುತ್ತೇವೆ. ಕಾರಂತರು ಹಳೆಯ ಪ್ರಸಂಗಗಳನ್ನು, ತಾಳೆಗರಿಗಳನ್ನು ಹುಡುಕಿದರು. ಅಲ್ಲಿದ್ದ ರಾಗಗಳ ಹೆಸರನ್ನು ಭಾಗವತರು ಹಾಡುತ್ತಿದ್ದ ರಾಗಗಳ ಜೊತೆ ಇಟ್ಟು ನೋಡಿದರು. ಎಷ್ಟೋ ರಾಗಗಳು ಕಾಗದದ ಮೇಲೆ ಉಳಿದು ಕಂಠದಿಂದ ಮರೆಯಾಗಿದ್ದವು. ಯಕ್ಷಗಾನವೆಂದರೆ ಮೊದಲಿಗೆ ಒಂದು ಗಾಯನ ಪದ್ಧತಿ, ಅದಕ್ಕೆ ತನ್ನದೇ ದಾರಿ ಇದೆ, ಶಾಸ್ತ್ರೀಯ ಸಂಗೀತದ ಅಳತೆಗೋಲಿನಿಂದ ಅದನ್ನು ಅಳೆಯಬಾರದು ಎಂಬುದು ಅವರ ನಿಲುವು. ಹಿರಿಯ ಭಾಗವತರನ್ನು, ಮದ್ದಳೆಗಾರರನ್ನು ಕೂರಿಸಿಕೊಂಡು ಕೇಳಿದರು. ಕಲಾವಿದರ ಮುಂದೆ ತಾವೇ ಕುಣಿದು ತೋರಿಸಿದರು.

ಆಮೇಲೆ ಬಂದದ್ದು ಪ್ರಯೋಗ. 1970ರ ದಶಕದಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ರೂಪುಗೊಂಡಿತು. ಅದರ ಹಿಂದೆ ಕು.ಶಿ. ಹರಿದಾಸ ಭಟ್ಟರ ದುಡಿಮೆ ಇತ್ತು, ಕಾರಂತರ ಕನಸಿತ್ತು. ಎಪ್ಪತ್ತರ ಗಡಿಯಲ್ಲಿದ್ದ ಕಾರಂತರು ಅಲ್ಲಿ ಕಲಾವಿದರನ್ನು ಕಟ್ಟಿಕೊಂಡು ಹೊಸ ರೂಪದ ಯಕ್ಷಗಾನ ಮಾಡಿದರು. ರಾತ್ರಿಯಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು. ಪಾತ್ರಗಳ ಮಾತನ್ನು ಪೂರ್ತಿ ತೆಗೆದರು. ಭಾಗವತರ ಹಾಡು, ಚಂಡೆ, ಮದ್ದಳೆಯ ಜೊತೆ ಪಿಟೀಲು ಮತ್ತು ಸ್ಯಾಕ್ಸಫೋನ್ ಸೇರಿದವು. ಹಿಂದೆ ಶ್ರುತಿಗೆ ಪುಂಗಿ ಇತ್ತು, ನಂತರ ಹಾರ್ಮೋನಿಯಂ ಬಂದಿತ್ತು. ಅವು ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತವೆ. ಮಾತು ಇಲ್ಲದ ಆಟದಲ್ಲಿ ಭಾವವನ್ನು ಒಂದು ಗಳಿಗೆಯಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗಲು ರಾಗವನ್ನೇ ನುಡಿಸುವ ವಾದ್ಯ ಬೇಕು. ಪಿಟೀಲು, ಸ್ಯಾಕ್ಸಫೋನ್ ಬಂದದ್ದು ಆ ಕೆಲಸಕ್ಕೆ ಎಂಬುದು ನಾನು ಅರ್ಥ ಮಾಡಿಕೊಂಡ ಬಗೆ. ಕನ್ನಡ ಬಾರದವರ ಮುಂದೆ, ವಿದೇಶಗಳಲ್ಲೂ, ಈ ಪ್ರದರ್ಶನಗಳು ನಡೆದವು. ಮಾತು ತಿಳಿಯದವರೂ ಬಣ್ಣ, ಹಾಡು, ಹೆಜ್ಜೆ ನೋಡಿ ಕತೆ ಹಿಡಿದರು.

ಮೆಚ್ಚಿದವರಷ್ಟೇ ಜನ ಸಿಟ್ಟಾದರು. ನಮ್ಮ ಜಿಲ್ಲೆಯಲ್ಲಿ ಆ ಸಿಟ್ಟು ಇನ್ನೂ ಇದೆ. ಕುಮಟಾದಲ್ಲಿ ನಾನು ಉಳಿದುಕೊಂಡಿರುವ ಮನೆಯ ಪಕ್ಕದಲ್ಲಿ ಹವ್ಯಾಸಿ ಅರ್ಥಧಾರಿಯೊಬ್ಬರಿದ್ದಾರೆ. ಕಾರಂತರ ಹೆಸರು ಎತ್ತಿದರೆ ಅವರ ಧ್ವನಿ ಏರುತ್ತದೆ. ಅವರ ವಾದ ಸರಳ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತಿನಿಂದ ಕೃಷ್ಣನೂ ಕೌರವನೂ ಕಣ್ಣ ಮುಂದೆ ಬರುತ್ತಾರೆ. ಅಂಥ ಮಾತನ್ನು ಕಿತ್ತು ಹಾಕಿದರೆ ಉಳಿಯುವುದೇನು? ಬರೆದಿಡದ ಮಾತನ್ನು ಆ ಕ್ಷಣಕ್ಕೆ ಕಟ್ಟುವ ವಿದ್ಯೆ ಯಕ್ಷಗಾನದ ಜೀವ. ಪರದೇಶದವರಿಗೆ ತಿಳಿಯುವುದಿಲ್ಲ ಎಂದು ನಮ್ಮ ನಾಲಿಗೆಯನ್ನು ನಾವು ಕಟ್ಟಿಕೊಳ್ಳಬೇಕೆ? ಅವರ ಈ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಮಾತಿನ ಸೊಗಸಿಗಾಗಿಯೇ ಆಟಕ್ಕೆ ಹೋಗುವ ಊರಿನವನು ನಾನು. ಮಾತಿಲ್ಲದ ಕೌರವನನ್ನು ಕಲ್ಪಿಸಿಕೊಳ್ಳುವುದು ನನಗೂ ಕಷ್ಟ.

ಆದರೂ ಒಂದು ಮಾತು ಅವರಿಗೆ ಹೇಳಿದೆ. ಮಾತು ಇರುವಾಗ ನಾವು ಹಾಡನ್ನು ಎಷ್ಟು ಕೇಳುತ್ತೇವೆ? ಭಾಗವತರು ಪದ್ಯ ಎತ್ತುವ ಹೊತ್ತಿಗೆ ಚಹಾ ಕುಡಿದು ಬರುವವರು ನಾವೇ. ಕಾರಂತರು ಮಾತನ್ನು ತೆಗೆದಾಗ ಮಿಕ್ಕ ಎರಡು, ರಾಗ ಮತ್ತು ಬಣ್ಣ, ಎಷ್ಟು ಭಾರ ಹೊರಬಲ್ಲವು ಎಂಬುದು ಮೊದಲ ಸಲ ಕಂಡಿತು. ವಿಜ್ಞಾನದ ಪ್ರಯೋಗಶಾಲೆಯಲ್ಲಿ ಒಂದು ವಸ್ತುವಿನ ಗುಣ ತಿಳಿಯಲು ಮಿಕ್ಕವನ್ನು ಬದಿಗಿಟ್ಟು ನೋಡುವ ಹಾಗೆ. ಪ್ರಯೋಗ ಮುಗಿದ ಮೇಲೆ ಎಲ್ಲರೂ ಹಾಗೇ ಆಡಬೇಕೆಂದಿಲ್ಲ. ಮಾತು ಈಗಲೂ ನಮ್ಮ ಮೇಳಗಳಲ್ಲಿ ಗಟ್ಟಿಯಾಗಿದೆ. ಮೂರು ಗಂಟೆಯ ಕಾಲಮಿತಿ ಆಟವಂತೂ ಇಂದು ಎಲ್ಲೆಡೆ ಸಾಮಾನ್ಯ. ಪಕ್ಕದ ಮನೆಯ ಹಿರಿಯರು ನನ್ನ ಮಾತು ಒಪ್ಪಲಿಲ್ಲ. ಆದರೆ ಮರುವಾರ ತಮ್ಮಲ್ಲಿದ್ದ ಹಳೆಯ ಪ್ರಸಂಗ ಪುಸ್ತಕ ತೆಗೆದು, ಪದ್ಯಗಳ ಮೇಲಿನ ರಾಗದ ಹೆಸರುಗಳನ್ನು ನನಗೆ ಒಂದೊಂದಾಗಿ ತೋರಿಸಿದರು. ಕೆಲವನ್ನು ಹಾಡಿದರು. ಕೆಲವು ಅವರಿಗೂ ಗೊತ್ತಿರಲಿಲ್ಲ.

ನಮ್ಮ ಮೂರು ತಾಲ್ಲೂಕಿನವರು ಕಾರಂತರ ಬದುಕಿನ ಇನ್ನೊಂದು ಪುಟವನ್ನು ಮರೆಯಬಾರದು. 1989ರಲ್ಲಿ ಅವರು ಉತ್ತರ ಕನ್ನಡದಿಂದ ಲೋಕಸಭೆಗೆ ಪಕ್ಷೇತರರಾಗಿ ನಿಂತರು. ಭಟ್ಕಳ, ಹೊನ್ನಾವರ, ಕುಮಟಾದ ಮತದಾರರ ಮುಂದೆ ಎಂಬತ್ತೇಳು ವರ್ಷದ ಅಭ್ಯರ್ಥಿ! ಹಿಂದೆ ಬೇಡ್ತಿ ಅಣೆಕಟ್ಟೆ ಬೇಡ ಎಂದವರ ಜೊತೆ ನಿಂತಿದ್ದರು. ಈಗ ಕೈಗಾ ಅಣುಸ್ಥಾವರ ಬೇಡ ಎನ್ನುತ್ತಿದ್ದರು. ನಮ್ಮ ಅಪ್ಪನ ತಲೆಮಾರಿನವರಿಗೆ ಆ ಚುನಾವಣೆ ನೆನಪಿದೆ. ಕಾರಂತರು ಸೋತರು. ಕೈಗಾ ಸ್ಥಾವರವೂ ಆಯಿತು. ಇಂದು ನಮ್ಮ ಜಿಲ್ಲೆಯ ಎಷ್ಟೋ ಯುವಕರು ಅಲ್ಲಿನ ಕೆಲಸಕ್ಕೆ ಅರ್ಜಿ ಹಾಕುತ್ತಾರೆ. ನನ್ನ ಗೆಳೆಯರಲ್ಲೂ ಹಾಕಿದವರಿದ್ದಾರೆ. ಅವರನ್ನು ತಪ್ಪು ಎನ್ನಲು ನನಗೆ ಬಾಯಿಲ್ಲ. ಆದರೆ ಕೆಂಪು ಬಣ್ಣ ಇಲ್ಲಿ ಯಾಕೆ ಎಂದು ಕೇಳಿದ ಅದೇ ಕಣ್ಣು, ಈ ಕಾಡಿನ ನಡುವೆ ಈ ಸ್ಥಾವರ ಯಾಕೆ ಎಂದೂ ಕೇಳಿತ್ತು ಎಂಬುದು ನನಗೆ ಮುಖ್ಯ. ಪ್ರಶ್ನೆ ಕೇಳುವ ಅಭ್ಯಾಸ ಕಲೆಗೊಂದು, ಬದುಕಿಗೊಂದು ಎಂದು ಬೇರೆ ಬೇರೆ ಇರುವುದಿಲ್ಲ. 1968ರಲ್ಲಿ ಬಂದ ಪದ್ಮಭೂಷಣವನ್ನು ತುರ್ತು ಪರಿಸ್ಥಿತಿಯ ಕಾಲದಲ್ಲಿ ಅವರು ಹಿಂದಿರುಗಿಸಿದ್ದೂ ಇದೇ ಅಭ್ಯಾಸದ ಮುಂದುವರಿಕೆ.

ತೊಂಬತ್ತು ದಾಟಿದ ಮೇಲೂ ಅವರು ಕೂತು ಹಕ್ಕಿಗಳ ಬಗ್ಗೆ ಪುಸ್ತಕ ಬರೆದರು. 1997ರ ಡಿಸೆಂಬರ್ 9ರಂದು ತೀರಿಕೊಂಡಾಗ ಅವರಿಗೆ ತೊಂಬತ್ತೈದು. ನನ್ನ ವಯಸ್ಸಿನವರು ಆಗಿನ್ನೂ ಹುಟ್ಟಿರಲಿಲ್ಲ, ಹುಟ್ಟಿದ್ದರೂ ತೊಟ್ಟಿಲಲ್ಲಿದ್ದೆವು. ನಾವು ಅವರನ್ನು ನೋಡಿಲ್ಲ, ಅವರ ದನಿ ಕೇಳಿಲ್ಲ. ನಮಗೆ ಉಳಿದಿರುವುದು ಪುಸ್ತಕಗಳು ಮತ್ತು ಅವರು ನೋಡಿದ ಅದೇ ಆಟ.

ಕೆಲಸ ಹುಡುಕುವ ನಮಗೆ ಕಲೆಯಿಂದ ಏನು ಪ್ರಯೋಜನ ಎಂದು ನನ್ನ ಮನೆಯಲ್ಲೂ ಕೇಳುತ್ತಾರೆ. ಕಾರಂತರ ಪುಸ್ತಕ ಓದಿದ್ದರಿಂದ ನನ್ನ ರ್‍ಯಾಂಕ್ ಮೇಲೇರಿಲ್ಲ. ಆದರೆ ಈ ಓದಿನ ನಡುವೆ ಒಂದು ಬದಲಾವಣೆ ಆಗಿದೆ. ಮೊದಲು ಒಂದು ವಿಷಯವನ್ನು ನೆನಪಿಟ್ಟುಕೊಳ್ಳಲು ಓದುತ್ತಿದ್ದೆ. ಈಗ ಅದು ಹಾಗೇ ಯಾಕಿದೆ ಎಂದು ಒಂದು ನಿಮಿಷ ನಿಲ್ಲುತ್ತೇನೆ. ಮೂಡಭಟ್ಕಳದ ಖೇತಪೈ ನಾರಾಯಣ ದೇವಸ್ಥಾನದ ಗೋಡೆಯ ಶಿಲ್ಪಗಳನ್ನು ಚಿಕ್ಕಂದಿನಿಂದ ದಾಟಿಕೊಂಡು ಹೋದವನು, ಮೊನ್ನೆ ಅರ್ಧ ದಿನ ಅವುಗಳ ಮುಂದೆ ನಿಂತಿದ್ದೆ.

ಮಳೆ ಮುಗಿದು ಮೇಳಗಳು ತಿರುಗಾಟಕ್ಕೆ ಹೊರಡುವಾಗ ನೀವೂ ಒಂದು ಆಟಕ್ಕೆ ಹೋಗಿ. ಮೊಬೈಲ್ ಜೇಬಿನಲ್ಲಿರಲಿ. ಒಡ್ಡೋಲಗದಲ್ಲಿ ತೆರೆ ಸರಿದಾಗ ಯಾವ ಬಣ್ಣ ಮೊದಲು ಕಣ್ಣಿಗೆ ಬಿತ್ತು ನೋಡಿ. ಭಾಗವತರು ಪದ್ಯ ಎತ್ತಿದಾಗ ಎದ್ದು ಹೋಗದೆ ಕೂತು ಕೇಳಿ. ಚೌಕಿಗೆ ಹೋಗಿ, ಮುಂಡಾಸು ಕಟ್ಟುತ್ತಿರುವ ಕಲಾವಿದರಿಗೆ ತೊಂದರೆಯಾಗದಂತೆ ಒಂದು ಮೂಲೆಯಲ್ಲಿ ನಿಂತು ನೋಡಿ. ಬಿಡುವಾದಾಗ ಯಾಕೆ ಹೀಗೆ ಎಂದು ಕೇಳಿ. ಅವರು ಖಂಡಿತ ಹೇಳುತ್ತಾರೆ.